ಹೆಣ್ಮಕ್ಕಳ ಫೈಲಿಗೆ ಹತ್ತನೇ ಕಾಲಂ

ನಾನಾಗ ಕೊಟ್ಟೂರಿನ ಒಂದು ಕಂಪ್ಯೂಟರ್ ಸೆಂಟರಿನಾಗ ಜಾವಾ ಕಲಿಸ್ತಿದ್ದೆ. ಈಗಿನವ್ರಿಗೆ ಇದೇನು ದೊಡ್ಡ ಮಾತಲ್ಲ ಬಿಡ್ರಿ. ಆದ್ರ ಎರಡು ಸಾವಿರನೇ ಇಸವಿ ದಾಟಿದ ಹೊಸದ್ರಾಗ ನಮ್ಮ ಕಡಿ ಕಂಪ್ಯೂಟರ್ ಅಂದ್ರ ಚಪ್ಲಿ ಹೊರಗ ಬಿಟ್ಟು, ಕಾಲು ಒರಸ್ಕೊಂಡು ಒಳಗ ಹೋಗಿ ನೋಡೋ ವಸ್ತು. ಕೂಡ್ಲಿಗಿ ಕಡಿಂದ, ಹಡಗಲಿ ಕಡಿಂದ ಬಸ್ಸು ಹತ್ತಿ ಬರ್ತಿದ್ದ ಹುಡುಗ್ರು, ಹುಡುಗ್ಯಾರು ಮೊದಲ್ನೇ ದಿನ ಮೌಸನ್ನ ಕೋಳಿಮರಿ ಹಿಡದಂಗ ಹಿಡೀತಿದ್ರು. ಅದೇ ಮಕ್ಕಳು ಆರು ತಿಂಗಳಿಗೆ, "ಮೇಡಂ, ಇದ್ರಾಗ ಆಬ್ಜೆಕ್ಟ್ ಮಾಡೋದ ಮರತೀರಿ ನೋಡ್ರಿ" ಅಂತ ನನಗ ತಪ್ಪು ತೋರಿಸ್ತಿದ್ರು. ಆಗ ನನಗ ಎದಿ ಉಬ್ಬತಿತ್ತು. ಆ ಕೆಲಸ ಅಂದ್ರ ನನಗ ಜೀವ. ನಾಚಿಕಿ ಬಿಟ್ಟು ಹೇಳ್ತೀನಿ, ಜೀವ.

ತೊಡಕು ಇದ್ದದ್ದು ಅಲ್ಲೇ. ನನಗ ಬಂದ ಸಂಬಂಧಗಳೆಲ್ಲ ಒಂದೇ ಜಾಗದಾಗ ಮುರೀತಿದ್ವು. ಹುಡುಗಿ ಓದ್ಯಾಳ, ಚಲೋ ಆತು. ಕೆಲಸ ಮಾಡ್ತಾಳ, ಅದೂ ಚಲೋ. ಮದುವಿ ಆದ ಮ್ಯಾಲ ಬಿಡ್ತಾಳಲ್ಲ? ನಾನು "ಇಲ್ರಿ, ಬಿಡಂಗಿಲ್ಲ" ಅಂತಿದ್ದೆ. ಅವ್ರು ಉಪ್ಪಿಟ್ಟು ತಿಂದು, ಚಾ ಕುಡುದು, "ಊರಿಗೆ ಹೋಗಿ ಹೇಳಿ ಕಳಸ್ತೀವಿ" ಅಂತ ಎದ್ದು ಹೋಗ್ತಿದ್ರು. ಹೇಳಿ ಕಳಿಸಿದವ್ರು ಒಬ್ಬರೂ ಇಲ್ಲ.

ನಮ್ಮವ್ವಗ ಮೈಯೆಲ್ಲಾ ಉರೀತಿತ್ತು. "ಬಾಯಿ ಮುಚ್ಕೊಂಡು ಹೂಂ ಅನ್ನಾಕ ಏನು ಧಾಡಿ ನಿನಗ? ತಾಳಿ ಬಿದ್ದ ಮ್ಯಾಲ ಮುಂದಿಂದು ಮುಂದ ನೋಡ್ಕೊಂಡ್ರಾತು" ಅಂತಿದ್ಲು. ಹೂಂ ಅಂದು ತಾಳಿ ಕಟ್ಟಿಸ್ಕೊಂಡು ಆಮ್ಯಾಲ ಜಗಳ ತಗಿಯೋದು ನನ್ನ ಕೈಲಾಗದ ಮಾತು. ಅಪ್ಪ ಒಳ್ಳೆಯವ, ಆದ್ರ ಮದುವಿ ಮಾತು ಬಂತಂದ್ರ ಎತ್ತಿಗೆ ನೀರು ಕುಡಸಾಕ ಎದ್ದುಬಿಡ್ತಿದ್ದ. ನಮ್ಮ ಮನಿ ಎತ್ತು ಆ ವರ್ಸ ಕುಡದಷ್ಟು ನೀರು ಯಾವ ಎತ್ತೂ ಕುಡದಿರಾಕಿಲ್ಲ.

ಅಂಥಾ ಹೊತ್ತಿನಾಗ ನಮ್ಮ ಮಂದಿಯ ಹಿರಿಯರೊಬ್ಬರು ನಮ್ಮ ಸೆಂಟರಿಗೆ ಬಂದ್ರು. ಸಾಲಿ ಮೇಷ್ಟ್ರಾಗಿ ರಿಟೈರ್ ಆದವ್ರು, ಬಿಳೀ ಪಂಚೆ, ಕಂಕುಳಾಗ ಒಂದು ಚೀಲ. ಹಗರಿಬೊಮ್ಮನಹಳ್ಳಿ ಕಲ್ಯಾಣ ಮಂಟಪದಾಗ ವಧು-ವರರ ಸಮಾವೇಶ ಇಟ್ಕೊಂಡಿದ್ರು. ಮದುವಿ ವಯಸ್ಸಿಗೆ ಬಂದ ಹುಡುಗ್ರು ಹುಡುಗ್ಯಾರನ್ನ ಅವ್ರ ಮನಿಯವ್ರ ಜೊತಿ ಒಂದ ಕಡಿ ಕೂಡ್ಸಿ ಸಂಬಂಧ ಕುದುರಿಸೋ ಕಾರ್ಯಕ್ರಮ. ಅದಕ್ಕ ಅವ್ರಿಗೊಂದು ಪ್ರೋಗ್ರಾಂ ಬೇಕಾಗಿತ್ತು.

"ತಂಗೀ, ನಮ್ಮ ಮಂದಿಗೆ ಬೆಡಗಿನ ಕಾಟ ಗೊತ್ತಲ್ಲ ನಿನಗ" ಅಂದ್ರು. ಗೊತ್ತಿಲ್ದ ಏನು! ಬೆಡಗು ಅಂದ್ರ ನಮ್ಮಾಗ ಮನೆತನದ ಬೇರು. ಒಂದ ಬೆಡಗಿನವ್ರು ಅಣ್ಣ-ತಂಗಿ ಲೆಕ್ಕ, ಅವ್ರ ನಡುವ ಮದುವಿ ಆಗಂಗಿಲ್ಲ. ಹಿಂದಿನ ಸಮಾವೇಶದಾಗ ಒಂದು ಜೋಡಿ ಒಬ್ಬರಿಗೊಬ್ಬರು ಮೆಚ್ಕೊಂಡು, ಮನಿಯವ್ರೆಲ್ಲ ಒಪ್ಪಿ, ಸಂಬಂಧ ಗಟ್ಟಿ ಆತಂತ ಸಕ್ಕರಿ ಹಂಚೋ ಹೊತ್ತಿಗೆ ಯಾವುದೋ ಮುದುಕಿ "ಅಲ್ರೆಪ್ಪಾ, ನಿಮ್ಮದು ಯಾವ ಬೆಡಗು?" ಅಂತ ಕೇಳ್ಯಾಳ. ಎರಡೂ ಕಡಿ ಒಂದ ಬೆಡಗು! ಹುಡುಗ ಅಲ್ಲಿಂದ ಸೀದಾ ಬಸ್ ಸ್ಟ್ಯಾಂಡಿಗೆ ಓಡಿಹೋದನಂತ. ಅದಕ್ಕ ಈ ಸಲ ಪ್ರತಿ ಹುಡುಗಗ ಬ್ಯಾರೆ ಬೆಡಗಿನ ಹುಡುಗ್ಯಾರ ಪಟ್ಟಿ ಮೊದಲ ಪ್ರಿಂಟ್ ಹಾಕಿ ಕೊಡಬೇಕು ಅಂತ ಮೇಷ್ಟ್ರ ಆಸೆ.

ಚೀಲದಿಂದ ಒಂದು ಫ್ಲಾಪಿ ತಗದು ಕೊಟ್ರು. ಡಿಟಿಪಿ ಅಂಗಡ್ಯಾಗ ಫಾರಂ ನೋಡಿ ಟೈಪ್ ಮಾಡಿಸಿದ್ದು. ಅದ್ರಾಗ ಎರಡು ಸಿಎಸ್‌ವಿ ಫೈಲ್, ಹುಡುಗ್ರದ್ದೊಂದು, ಹುಡುಗ್ಯಾರದ್ದೊಂದು. ಸಿಎಸ್‌ವಿ ಅಂದ್ರ ಬಾಳ ಬಡ ಫೈಲ್. ಅದಕ್ಕ ಗೆರಿ ಇಲ್ಲ, ಬಣ್ಣ ಇಲ್ಲ. ಒಬ್ಬರಿಗೆ ಒಂದು ಸಾಲು, ಆ ಸಾಲಿನಾಗ ಒಂದು ಕಾಲಂ ಮುಗೀತು ಅನ್ನಾಕ ಒಂದು ಕಾಮಾ, ಅಷ್ಟ. ಆದ್ರ ಯಾವ ಭಾಷಿದ ಪ್ರೋಗ್ರಾಂ ಇದ್ರೂ ಅದನ್ನ ಓದತೈತಿ, ನನಗ ಅದ್ರ ಆ ಸರಳತನ ಸೇರ್ತಿತ್ತು.

"ನಿನ್ನ ಹೆಸರೂ ಐತವ್ವಾ ಅದ್ರಾಗ. ನಿಮ್ಮವ್ವ ಫಾರಂ ತುಂಬಿ ಕೊಟ್ಟಾಳ" ಅಂತ ಮೇಷ್ಟ್ರು ನಕ್ರು. ನನಗ ಮೊದಲ ಗೊತ್ತಿತ್ತು. ಹಿಂದಿನ ವಾರ ಅವ್ವ ಟೇಲರ್ ಟೇಪು ತಂದು ಗ್ವಾಡಿಗೆ ನನ್ನನ್ನ ನಿಲ್ಲಿಸಿ ಎತ್ತರ ಅಳದಿದ್ಲು.

ನಾನು ಕ್ಲಾಸಿನ್ಯಾಗನ ಕೆಲಸ ಹಚ್ಚಿದೆ. ಹುಡುಗ್ರಿಗೆ ಫೈಲ್ ಓದೋದು ಕಲಿಸಾಕ ಇದಕ್ಕಿಂತ ಚಲೋ ಪಾಠ ಎಲ್ಲಿ ಸಿಗಬೇಕು? ಜಾವಾದಾಗ 'ವರ' ಅಂತ ಒಂದು ಕ್ಲಾಸ್ ಬರದ್ವಿ. ಕ್ಲಾಸ್ ಅಂದ್ರ ಒಂದು ಅಚ್ಚು ಇದ್ದಂಗ. ಒಂದೊಂದು ಸಾಲು ಓದಿ, ಕಾಮಾ ಇದ್ದಲ್ಲಿ ಕತ್ತರಿಸಿ, ಆ ತುಂಡುಗಳನ್ನ ಅಚ್ಚಿಗೆ ತುಂಬಿದ್ರ ಒಬ್ಬ ವರ ತಯಾರು. ಹೆಸರು, ವಯಸ್ಸು, ಊರು, ಬೆಡಗು, ಓದು, ಎತ್ತರ, ಉದ್ಯೋಗ ಹಿಂಗ ಹತ್ತು ಕಾಲಂ. ಕೊನೇದು ಅಪೇಕ್ಷೆ. ಹುಡುಗ್ರ ಫೈಲ್ ಚಂದಾಗಿ ಓದ್ತು. ಅಪೇಕ್ಷೆ ಕಾಲಂ ಪ್ರಿಂಟ್ ಮಾಡಿದ್ರ ಒಬ್ಬರಾದ ಮ್ಯಾಲ ಒಬ್ಬರದ್ದು 'ಹೊಂದಿಕೊಂಡು ಹೋಗುವ ಹುಡುಗಿ', 'ಹೊಂದಿಕೊಂಡು ಹೋಗುವ ಹುಡುಗಿ'. ಡಿಟಿಪಿ ಅಂಗಡಿಯವ ಒಂದನ್ನ ಟೈಪ್ ಮಾಡಿ ಕೆಳಗಿನತನ ಎಳದಾನೇನೋ ಅಂತ ನಮಗ ಅನುಮಾನ ಬಂತು. ಇಲ್ಲ, ಎಲ್ಲಾರೂ ಬರದದ್ದ ಹಂಗ.

ಆಮ್ಯಾಲ ಅದೇ ಅಚ್ಚಿಗೆ ಹುಡುಗ್ಯಾರ ಫೈಲ್ ಹಾಕಿದೆ. ಪರದಿ ಮ್ಯಾಲ ಬಂದದ್ದೇನು? ಉದ್ಯೋಗ: ಗೋಧಿ ಬಣ್ಣ. ಕ್ಲಾಸಿನ ಮಂದಿ ಹೊಟ್ಟಿ ಹಿಡ್ಕೊಂಡು ನಕ್ರು. ನಗೋದು ಮುಗಿಯೋದ್ರಾಗ ಪ್ರೋಗ್ರಾಂ ಕೆಂಪು ಅಕ್ಷರ ಒದರಿ ನಿಂತುಬಿಡ್ತು. ಹತ್ತನೇ ತುಂಡು ಬೇಕು, ಅದು ಇಲ್ಲ ಅಂತ ಅದ್ರ ತಕರಾರು.

ಫೈಲ್ ತಗದು ನೋಡಿದೆ. ಹೆಣ್ಮಕ್ಕಳ ಫಾರಮ್ಮಿಗೆ ಒಂಬತ್ತೇ ಕಾಲಂ. ಹುಡುಗ್ರಿಗೆ ಉದ್ಯೋಗ ಇದ್ದ ಜಾಗಕ್ಕ ಹುಡುಗ್ಯಾರಿಗೆ ಬಣ್ಣ. ಅಪೇಕ್ಷೆ ಅನ್ನೋದಂತೂ ಇಲ್ವೇ ಇಲ್ಲ. ನನ್ನ ಸಾಲು ಓದಿದೆ. ನನ್ನ ಎತ್ತರ ಐತಿ, ಬೆಡಗು ಐತಿ, 'ಸಾದಗಪ್ಪು' ಅಂತ ಬಣ್ಣ ಐತಿ. ದಿನಾ ಬೆಳಿಗ್ಗಿಂದ ಸಂಜಿತನ ಗಂಟಲು ಹರಕೊಂಡು ಕಲಿಸ್ತೀನಲ್ಲ, ಅದಕ್ಕ ಒಂದು ಜಾಗ ಇಲ್ಲ. ಬಂದು ನೋಡಿ ಹೋದವ್ರ ಎದುರು ಬಾಯಿಲೆ ಹೇಳಿದ್ದು ನಡೀಲಿಲ್ಲ, ಈಗ ಕಾಗದದ ಮ್ಯಾಲೂ ಜಾಗ ಇಲ್ಲಂದ್ರ ಮುಗೀತಲ್ಲ ನನ್ನ ಕಥಿ!

ಹುಡುಗ್ಯಾರಿಗೆ ಬ್ಯಾರೆ ಒಂದು ಅಚ್ಚು ಮಾಡೋದು ಹತ್ತು ನಿಮಿಷದ ಕೆಲಸ. ಆದ್ರ ಆ ವಾರ ನಾನು ಕಲಿಸಾಕತ್ತಿದ್ದು ಏನಂದ್ರ, ಎರಡು ಕ್ಲಾಸಿಗೆ ಸಮನಾಗಿರೋದನ್ನ ಮ್ಯಾಲ ಒಂದು ತಾಯಿ ಕ್ಲಾಸಿನ್ಯಾಗ ಇಡಬೇಕು, ಕೆಳಗಿನವು ಅದನ್ನ ಹುಟ್ಟಿನಿಂದ ಪಡೀಬೇಕು ಅನ್ನೋದು. ಬೋರ್ಡಿನ ಮ್ಯಾಲ ಬರದೆ: ತಾಯಿ ಕ್ಲಾಸ್ 'ವ್ಯಕ್ತಿ'. ಅದಕ್ಕ ಹತ್ತು ಕಾಲಂ. ಉದ್ಯೋಗನೂ ಐತಿ, ಅಪೇಕ್ಷೆನೂ ಐತಿ. ಅದ್ರ ಕೆಳಗ 'ವಧು', 'ವರ'. ಬಣ್ಣ ಒರಿಸಿ ಹಾಕಿದೆ. ಹಿಂದಿನ ಬೆಂಚಿನ ಹುಡುಗ್ಯಾರು ಚಪ್ಪಾಳಿ ಹೊಡದ್ರು.

ಮೇಷ್ಟ್ರಿಗೆ ಫೋನ್ ಹಚ್ಚಿ, "ಸರ, ಹೆಣ್ಮಕ್ಕಳ ಫೈಲಿಗೆ ಒಂದು ಕಾಲಂ ಕಡಿಮಿ ಬಿದ್ದೈತ್ರಿ. ನನ್ನ ಪ್ರೋಗ್ರಾಂ ಓದವಲ್ದು" ಅಂದೆ.

"ಖಾಲಿ ಬಿಟ್ಟು ಓದಿಸವ್ವಾ."

"ಕೊನೀ ಕಾಲಂ ಖಾಲಿ ಇದ್ರ ಕತ್ತರಿಸುವಾಗ ಅದು ಬಿದ್ದೇ ಹೋಗ್ತೈತ್ರಿ. ಆ ಸಾಲನ್ನ ಅದು ಹೊರಗ ಒಗೀತೈತಿ."

ಇದು ಸುಳ್ಳಲ್ಲ. ಜಾವಾ ಹಂಗ ಮಾಡ್ತೈತಿ. ಅದನ್ನ ಸರಿ ಮಾಡೋ ದಾರಿನೂ ಐತಿ, ಆದ್ರ ಮೇಷ್ಟ್ರು ಅದನ್ನ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.

"ಅಲ್ಲ ತಂಗೀ, ಹುಡುಗ್ಯಾರಿಗೆ ಎಂಥಾ ಅಪೇಕ್ಷಿ? ಎಲ್ಲಾರಿಗೂ ಒಳ್ಳೆಯ ವರ ಅಂತ ಹಾಕಿಬಿಡು."

"ಕೇಳಿ ಹಾಕೋಣ್ರಿ ಸರ. ಕೇಳ್ದ ಹಾಕಿದ್ರ ಅದು ನನ್ನ ಅಪೇಕ್ಷಿ ಆಗ್ತೈತಿ, ಅವ್ರದ್ದಲ್ಲ."

ಗಂಡಸರು ಹೋಗಿ ಹುಡುಗ್ಯಾರನ್ನ ಇಂಥಾದ್ದು ಕೇಳಾಕ ಬರಂಗಿಲ್ಲ. ಕೊನೀಗೆ ಮೇಷ್ಟ್ರು, "ನಿಮ್ಮವ್ವನ್ನ ಕರ್ಕೊಂಡು ನೀನ ಹೋಗಿ ಬಾ, ಜೀಪು ಕಳಸ್ತೀನಿ" ಅಂದ್ರು. ಅವ್ವಗ ಹೇಳಿದ ಕೂಡ್ಲೆ ಟ್ರಂಕಿನಿಂದ ಚಲೋ ಸೀರಿ ತಗದ್ಲು. ಅಷ್ಟು ಮನಿ ಒಳಗ ಹೊಕ್ಕು ನೋಡೋ ಅವಕಾಶ ಯಾರು ಬಿಡ್ತಾರ?

ಒಂದು ಹಳ್ಳಿಂದ ಇನ್ನೊಂದಕ್ಕ ತಿರಗಿದ್ವಿ. ಮೊದಲ್ನೇ ಮನ್ಯಾಗ ಪಡಸಾಲ್ಯಾಗ ಕುಂತು ಹುಡುಗಿನ್ನ ಕೇಳಿದೆ, "ನಿನಗ ಎಂಥಾ ಮನಿ, ಎಂಥಾ ಗಂಡ ಬೇಕವ್ವಾ?" ಆಕಿ ಅಪ್ಪನ ಮುಖ ನೋಡಿ, "ಏನೂ ಇಲ್ರೀ ಅಕ್ಕಾ" ಅಂದ್ಲು. ಎರಡನೇ ಮನ್ಯಾಗನೂ ಅದೇ ಮಾತು. ನನ್ನ ಹುರುಪೆಲ್ಲ ಇಳೀತು. ಏನೂ ಇಲ್ಲ ಅಂತ ಬರಿಯಾಕ ಇಷ್ಟು ದೂರ ಬರಬೇಕಿತ್ತೇನು?

ದಾರಿ ಹುಡುಕಿದಾಕಿ ನಮ್ಮವ್ವ. ಮೂರನೇ ಮನ್ಯಾಗ ಚಾ ಲೋಟ ಕೆಳಗಿಟ್ಟು, "ಯವ್ವಾ, ನಿಮ್ಮ ಹಿತ್ತಲ ಎಲ್ಲೈತಿ, ಕಾಲಿಗೆ ನೀರು ಹಾಕ್ಕೋಬೇಕು" ಅಂತ ಹುಡುಗಿನ್ನ ಎಬ್ಬಿಸ್ಕೊಂಡು ಹೋದ್ಲು. ಬಾಳ ಹೊತ್ತು ಬರಲೇ ಇಲ್ಲ. ಹೊರಗ ನಾವು ಮಳಿ, ಮೆಕ್ಕೆಜೋಳ ಅಂತ ಮಾತಾಡಿ ಮಾತಾಡಿ ಸಾಕಾದ್ವಿ. ವಾಪಸ್ ಬಂದಾಕಿ ಜೀಪು ಹತ್ತಿದ ಕೂಡ್ಲೆ, "ಬರಕೋ, ಬರಕೋ, ಮರತುಬಿಡ್ತೀನಿ" ಅಂದ್ಲು. ಅಲ್ಲಿಂದ ಮುಂದ ಎಲ್ಲಾ ಮನ್ಯಾಗೂ ನಮ್ಮವ್ವನ ಕಾಲಿಗೆ ನೀರು ಬೇಕಾತು.

ಕೂಡ್ಲಿಗಿ ಕಡಿ ಕುರಿ ಸಾಕೋ ಮನಿ ಹುಡುಗಿ: ಕುರಿ ಹಿಂದ ಊರೂರು ತಿರಗಿದ್ದು ಸಾಕಾಗೈತಿ, ಒಂದ ಕಡಿ ನಿಂತ ಮನಿ ಬೇಕು, ಮಾಳಿಗಿ ಸೋರಬಾರ್ದು. ಮಾಗಳದ ಹುಡುಗಿ: ಹೊಳಿ ನೀರು ಕುಡುದು ಬೆಳದೀನಿ, ಬೋರಿನ ಸವಳು ನೀರಿನ ಊರಿಗೆ ಕೊಡಬ್ಯಾಡ್ರಿ. ಹರಪನಹಳ್ಳಿ ಕಡಿಯಾಕಿ ಬಾಳ ಓದಿದ್ದಿಲ್ಲ, ಆದ್ರ ಆಕಿ ಮಾತು ನನಗ ಇನ್ನೂ ಕಿವ್ಯಾಗ ಐತಿ: ಗಂಡ ಮನೇಲಿ ಮಾತಾಡ್ಬೇಕು, ನಮ್ಮಪ್ಪ ಮಾತೇ ಆಡಲ್ಲ, ಅಮ್ಮ ಗೋಡೆ ಜೊತೆ ಮಾತಾಡ್ತಾಳೆ. ಇನ್ನೊಬ್ಬಾಕಿ, ಕುಡಿಯಾವ ಬ್ಯಾಡ ಅಂತ ದೊಡ್ಡ ಅಕ್ಷರದಾಗ ಬರಿಯಾಕ ಹೇಳ್ರಿ ಅಂದಿದ್ಲಂತ. ಅವ್ವ ಜೀಪಿನ್ಯಾಗ ಆ ಹುಡುಗ್ಯಾರ ಮಾತನ್ನ ಅವ್ರ ಧಾಟಿಯಾಗನ ಹೇಳ್ತಿದ್ಲು, ಕಣ್ಣು ಒರಸ್ಕೋತಿದ್ಲು, ನಗ್ತಿದ್ಲು. "ಎಷ್ಟು ಶಾಣ್ಯಾ ಅದಾವಲೇ ಈ ಹುಡುಗ್ಯಾರು! ಯಾರೂ ಕೇಳ್ಯಾರೇನು ಇವನ್ನ?" ಅಂತ ನನ್ನ ತೊಡಿಗೆ ಹೊಡೀತಿದ್ಲು. ಆ ತಿರಗಾಟದಷ್ಟು ಖುಷಿ ನಾವಿಬ್ಬರೂ ಕೂಡಿ ಯಾವತ್ತೂ ಪಟ್ಟಿದ್ದಿಲ್ಲ.

ಸೆಂಟರಿಗೆ ಬಂದು, ಬಣ್ಣದ ಜಾಗಕ್ಕ ಉದ್ಯೋಗ, ಕೊನೀಗೆ ಅಪೇಕ್ಷೆ ತುಂಬಿದ ಹೊಸ ಫೈಲ್ ಓದಿಸಿದ್ರ ಪ್ರೋಗ್ರಾಂ ಮತ್ತ ಬಿತ್ತು. ಈ ಸಲ ತುಂಡು ಕಡಿಮಿ ಅಲ್ಲ, ಹೆಚ್ಚು. ಹುಡುಗ್ರ ಅಪೇಕ್ಷಿ ಒಂದೇ ಮಾತು, ಕಾಮಾ ಇಲ್ಲ. ಹುಡುಗ್ಯಾರದ್ದು ಒಂದು ಬೇಕು, ಇನ್ನೊಂದು ಬ್ಯಾಡ, ಮತ್ತೊಂದು ಇದ್ರ ಚಲೋ ಅಂತ ಕಾಮಾ ಮ್ಯಾಲ ಕಾಮಾ. ಅವ್ರ ಮಾತಿನ ಕಾಮಾನ ಜಾವಾ ಕಾಲಂ ಮುಗದದ್ದು ಅಂತ ತಿಳ್ಕೊಂಡು ಕತ್ತರಿಸಿ ಒಗೀತಿತ್ತು. ಯಾರದ್ದೂ ಒಂದು ಮಾತು ಕಡಿಮಿ ಮಾಡಾಕ ನನಗ ಮನಸ್ಸಾಗ್ಲಿಲ್ಲ. ಅಪೇಕ್ಷೆಯ ಎರಡೂ ಕಡಿ ಜೋಡಿ ಉದ್ಧರಣ ಚಿಹ್ನೆ ಹಾಕಿದೆ. ಸಾಲನ್ನ ಒಂದೊಂದೇ ಅಕ್ಷರ ಓದಿ, ಆ ಚಿಹ್ನೆಯ ಒಳಗಿರೋ ಕಾಮಾನ ಮುಟ್ಟದಂಗ ಪ್ರೋಗ್ರಾಂ ತಿದ್ದಿದ್ವಿ. ಫೈಲಿಗೆ ಬರಿಯುವಾಗನೂ ಹಂಗ ಚಿಹ್ನೆ ಹಾಕೇ ಬರದ್ವಿ. ಕ್ಲಾಸಿನ ಮಂದಿಗೆ ಒಂದು ವಾರದ ಪಾಠ ಆತು, ನನಗ ಹಬ್ಬ ಆತು.

ಪ್ರಿಂಟ್ ಹಾಕೋ ಮುಂಚೆ ಅವ್ವ ಸೆಂಟರಿಗೆ ಬಂದ್ಲು. ತಾನು ಕೇಳಿ ತಂದ ಮಾತೆಲ್ಲ ಸರಿಯಾಗಿ ಬಂದಾವೋ ಇಲ್ಲೋ ಓದಿಸ್ಕೊಂಡ್ಲು. ಆಮ್ಯಾಲ, "ನಿಂದು ಓದು" ಅಂದ್ಲು. ಓದಿದೆ. ಉದ್ಯೋಗ: ಕಂಪ್ಯೂಟರ್ ಶಿಕ್ಷಕಿ. ಅಪೇಕ್ಷೆ: ಮದುವೆಯಾದ ಮೇಲೂ ಕಲಿಸುವ ಕೆಲಸ ಬಿಡುವುದಿಲ್ಲ.

"ತಗಿ ಅದನ್ನ!"

"ಊರ ಹುಡುಗ್ಯಾರದ್ದೆಲ್ಲ ಕೇಳ್ಕೊಂಡು ಬಂದೆಲ್ಲವ್ವಾ. ನಂದ್ಯಾಕ ಬ್ಯಾಡ?"

"ಅವ್ರು ಊರ ಹುಡುಗ್ಯಾರು. ನೀನು ನನ್ನ ಮಗಳು" ಅಂದ್ಲು. "ಇದನ್ನ ಓದಿದ್ರ ಒಂದು ನರಪಿಳ್ಳಿ ನಿನ್ನ ಕಡಿ ಬರಾಕಿಲ್ಲ."

ನಾನು ತಗೀಲಿಲ್ಲ. ಅಲ್ಲಿಂದ ಸಮಾವೇಶದ ದಿನದತನ ಅವ್ವ ನನ್ನ ಜೊತಿ ಮಾತು ಬಿಟ್ಲು. ರೊಟ್ಟಿ ಬಡಿಯೋ ಸಪ್ಪಳ ಜೋರಾತು. ತಾಟಿಗೆ ರೊಟ್ಟಿ ಇಡ್ತಿದ್ದಿಲ್ಲ, ಒಗೀತಿದ್ಲು.

ಸಮಾವೇಶದ ದಿನ ಮಂಟಪ ತುಂಬಿ ಹೋಗಿತ್ತು. ಪ್ರಿಂಟ್ ಹಾಕಿದ ಹಾಳಿ ಕೈಗೆ ಸಿಕ್ಕ ಕೂಡ್ಲೆ ಮಂದಿ ಬೆಡಗು ನೋಡೋದು ಬಿಟ್ಟು ಕೊನೀ ಕಾಲಂ ಓದಾಕ ಹತ್ತಿದ್ರು. ಕೆಲವು ಅಪ್ಪಗೋಳು ಮೇಷ್ಟ್ರ ಮ್ಯಾಲ ಎಗರಿ ಬಂದ್ರು, "ನಮ್ಮ ಹುಡುಗಿ ಹಿಂಗ ಹೇಳ್ಯಾಳೇನ್ರಿ?" ಅಂತ. ಮೇಷ್ಟ್ರು ಬೆವರು ಒರಸ್ಕೋತಾ "ಕಂಪ್ಯೂಟರ್ ಕೇಳ್ತು, ಬರದ್ವಿ" ಅಂತ ಎಲ್ಲಾರಿಗೂ ಅದೇ ಹೇಳಿ ಪಾರಾಗ್ತಿದ್ರು. ಆದ್ರ ಹೊಳಿ ದಂಡಿ ಊರಿನವ್ರೆಲ್ಲ ಮಾಗಳದ ಹುಡುಗಿ ಮುಂದ ಸಾಲು ಹಚ್ಚಿದ್ರು. ಒಬ್ಬ ಹುಡುಗ ಕುರಿ ಮನಿ ಹುಡುಗಿಗೆ, "ನಮ್ಮದು ಆರ್‌ಸಿಸಿ ಮನಿ, ಹೋದ ಮಳಿಗಾಲಕ್ಕೂ ಸೋರಿಲ್ಲ" ಅಂತ ಎಲ್ಲಾರ ಎದುರಿಗೆ ಹೇಳಿದ. ಆಕಿ ನಾಚಿ ನಕ್ಕದ್ದು ನೋಡಿ ನನಗ ಹೊಟ್ಟಿ ತುಂಬಿದಂಗಾತು.

ನನ್ನ ಮುಂದಿನ ಕುರ್ಚಿ ಮಾತ್ರ ಖಾಲಿ. ಬರ್ತಿದ್ರು, ಹಾಳಿ ಓದ್ತಿದ್ರು, ನಮಸ್ಕಾರ ಮಾಡಿ ಮುಂದ ಹೋಗ್ತಿದ್ರು. ಅವ್ವ ನನ್ನ ಬಾಜೂಕ ಕುಂತು ಸೆರಗಿನ ತುದಿ ತಿರುವಿ ತಿರುವಿ ಹಗ್ಗ ಮಾಡಿದ್ಲು.

ಊಟದ ಹೊತ್ತಿಗೆ ಹಡಗಲಿ ಕಡಿಯವ್ರು ಬಂದು ಕುಂತ್ರು, ತಾಯಿ ಮತ್ತ ಮಗ. ಮಗ ಸರ್ಕಾರಿ ನೌಕರಿಯವ, ಮನಿಗೆ ಮಲ್ಲಿಗಿ ತೋಟ. ಆ ತಾಯಿ ಬಾಳ ಮೆತ್ತಗಿನ ಮಾತಿನಾಕಿ. ಹುಡುಗ ನನ್ನ ಪ್ರೋಗ್ರಾಂ ಬಗ್ಗೆ ಕೇಳಿದ, ನಾನು ಹೇಳಿದ್ದನ್ನ ಮನಸ್ಸಿಟ್ಟು ಕೇಳಿದ. ಸುಳ್ಳ್ಯಾಕ ಹೇಳ್ಲಿ, ನನಗೂ ಹಿಡಿಸಿದ. "ನಮಗ ಏನೂ ಬ್ಯಾಡ್ರೀ, ಹುಡುಗಿನ್ನ ಕೊಟ್ರ ಸಾಕು" ಅಂತ ಆ ತಾಯಿ ಅಂದಾಗ ನಮ್ಮವ್ವನ ಕಣ್ಣಾಗ ನೀರು ಬಂತು. ಎಷ್ಟು ವರ್ಸದಿಂದ ಆ ಮಾತಿಗೆ ಕಾದಿದ್ಲೋ ಏನೋ.

ಆಮ್ಯಾಲ ಆಕಿ ಹಾಳಿ ಮ್ಯಾಲ ಬೆರಳಿಟ್ಟು ನಗನಗತಾ ಕೇಳಿದ್ಲು, "ಇಲ್ಲಿ ಕೊನೀಗೆ ಏನೋ ಬರದೈತಲ್ರೀ. ಇದೇನು, ಕಂಪ್ಯೂಟರ್‌ಗೆ ಬೇಕಂತ ಬರದದ್ದಂತಲ್ಲ? ನಮ್ಮ ಮನಿಗೆ ಬಂದ ಮ್ಯಾಲ ಕೊಟ್ಟೂರಿಗೆ ಓಡ್ಯಾಡೋ ದರ್ದು ಏನೈತಿ? ಇದೊಂದು ಇಲ್ಲಂದ್ಕೊಂಡ್ರ, ಇವತ್ತ ಸಕ್ಕರಿ ಹಂಚಿಬಿಡೋಣ."

ಹುಡುಗ ನೆಲ ನೋಡಿದ. ನಾನು ಬಾಯಿ ತಗಿಯಾಕ ಹೋದೆ. ಅವ್ವ ನನ್ನ ಮಣಕಾಲ ಮ್ಯಾಲ ಕೈಯಿಟ್ಟು ಅದುಮಿದ್ಲು. ಮುಗೀತು, ಹೂಂ ಅಂತಾಳ ಅಂದ್ಕೊಂಡೆ.

"ಇಲ್ರೆವ್ವಾ" ಅಂದ್ಲು ಅವ್ವ. "ಅದು ಕಂಪ್ಯೂಟರಿನ ಮಾತಲ್ಲ. ನನ್ನ ಮಗಳ ಮಾತು. ಆಕಿ ಕಲಿಸೋದು ಬಿಡಂಗಿಲ್ಲ."

"ಹಂಗಂದ್ರ ಹೆಂಗ್ರೀ..."

"ಹಂಗಾರ ಬ್ಯಾಡ ಬಿಡ್ರಿ."

ಆ ತಾಯಿ ಮುಖ ಸಪ್ಪಗಾತು. ನಮಸ್ಕಾರ ಮಾಡಿ ಮಗನ್ನ ಕರ್ಕೊಂಡು ಎದ್ದು ಹೋದ್ಲು. ನನ್ನ ಮದುವಿ ಆಮ್ಯಾಲ ಕೊಟ್ಟೂರಾಗನ ಆತು, ಕಲಿಸೋದು ಇವತ್ತಿಗೂ ನಡದೈತಿ. ಆದ್ರ ನನ್ನ ಮದುವಿ ದಿನಕ್ಕಿಂತ ನನಗ ಚಂದಾಗಿ ನೆನಪಿರೋದು ಆ ಮಧ್ಯಾಹ್ನ.

ಅವ್ರು ಬಾಗಿಲು ದಾಟೋತನ ಅವ್ವ ಹಂಗ ನೋಡ್ತಾ ಕುಂತಿದ್ಲು. ಆಮ್ಯಾಲ ಹಣಿ ಬಡ್ಕೊಂಡು, "ಅಯ್ಯಯ್ಯೋ, ಎಂಥಾ ಸಂಬಂಧ ಇತ್ತಲೇ!" ಅಂದ್ಲು.

"ಅವ್ವಾ, ಬ್ಯಾಡ ಅಂದಾಕಿ ನೀನ ಅಲ್ಲೇನು?"

"ಹೌದು, ನಾನ. ಮತ್ತೇನು ಅನ್ಲಿ?" ಅಂತ ನನ್ನ ಮ್ಯಾಲ ರೇಗಿದ್ಲು. "ಅಷ್ಟು ಹುಡುಗ್ಯಾರ ಬಾಯಿ ಬಿಡಿಸಿ ಬಂದು, ನನ್ನ ಮಗಳ ಬಾಯಿ ನಾನ ಮುಚ್ಲೇನು?"

ನಾನು ಮಂಟಪದ ನಡುವ ಆಕಿನ್ನ ತಬ್ಕೊಂಡು ಅತ್ತುಬಿಟ್ಟೆ. ಸುತ್ತಲಿನ ಮಂದಿ ಸಂಬಂಧ ಕೂಡಿತೇನೋ ಅಂದ್ಕೊಂಡು ನಮ್ಮನ್ನ ನೋಡಿ ನಗಾಕ ಹತ್ತಿದ್ರು. "ಬಿಡಲೇ, ಸೀರಿ ಹಾಳಾಗ್ತೈತಿ" ಅಂದ್ಲು ಅವ್ವ, ಬೆನ್ನ ಮ್ಯಾಲಿನ ಕೈ ಮಾತ್ರ ತಗೀಲಿಲ್ಲ.